ಬಿಚ್ಚದೆ ಇಟ್ಟ ಉಡುಗೊರೆ

ಮದುವೆಯಾಗಿ ತವರು ಬಿಡುವ ದಿನ ಅವಳು ಅಪ್ಪನಿಗೆ ಒಂದು ಮಾತು ಕೊಟ್ಟಿದ್ದಳು: ಕ್ರಿಸ್‌ಮಸ್‌ಗೆ ಯಾರಿಗೆ ಏನೇ ಕೊಟ್ಟರೂ ಅದನ್ನು ಎಂದೂ ಎತ್ತಿ ಆಡುವುದಿಲ್ಲ. ಅಪ್ಪ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದವರು. ಉಪದೇಶ ಅವರ ಜಾಯಮಾನವಲ್ಲ. ಆದರೂ ಅವತ್ತು, "ದೇವರು ತನ್ನ ಮಗನನ್ನ ಲೋಕಕ್ಕೆ ಕೊಡುವಾಗ ಜನ ತಿರುಗಿ ಏನು ಕೊಡ್ತಾರೆ ಅಂತ ನೋಡಲಿಲ್ಲ ಕಣೇ. ನಾವು ಕೊಡೋದು ಅದರ ನೆನಪಿಗೆ. ಮುಯ್ಯಿ ಲೆಕ್ಕ ಮದುವೆಮನೆಗಿರಲಿ," ಎಂದಿದ್ದರು.

ಈಗ ಅವಳು ದೊಡ್ಡ ಅಂಗಡಿಯೊಂದರಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುತ್ತಾಳೆ. ಡಿಸೆಂಬರಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಕಾಗದದ ಅಂಚು ಕುಯ್ದು ಬೆರಳೆಲ್ಲ ಉರಿ. ಕತ್ತರಿಸಿದ ಅಂಚು ಕಾಣಬಾರದೆಂದು ಅದನ್ನು ಒಳಕ್ಕೆ ಮಡಚಿ ಅಂಟಿಸುವುದು ಅವಳೊಬ್ಬಳ ರೂಢಿ. "ಹರಿದು ಬಿಸಾಕೋ ಕಾಗದಕ್ಕೆ ಇಷ್ಟು ನಾಜೂಕು ಯಾಕಮ್ಮಾ?" ಎಂದು ಮೇಲ್ವಿಚಾರಕ ಗೊಣಗುತ್ತಿದ್ದ.

ಹಬ್ಬದ ಮಧ್ಯಾಹ್ನ ಅವಳು ಊದಿದ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದಾಗ ನಾದಿನಿ ಬಂದಳು. ಅಂಗಿ ಕಾರ್ಖಾನೆ ಮುಚ್ಚಿದ್ದರಿಂದ ಹೋದ ವರ್ಷ ಕೆಲಸ ಕಳೆದುಕೊಂಡವಳು. ಬಾಯಿಗೆ ಮಾತ್ರ ಬಡತನವಿಲ್ಲ.

"ತಗೊಳ್ಳಿ ಅತ್ತಿಗೆ," ಎಂದು ಪೊಟ್ಟಣವೊಂದನ್ನು ಮಡಿಲಿಗೆ ಹಾಕಿದಳು.

ರಿಬ್ಬನ್ ಹೊಸದು. ಕಾಗದ ಹಳೆಯದು, ಅಂಚು ಒಳಕ್ಕೆ ಮಡಚಿದ್ದು. ಅವಳಿಗೆ ತನ್ನ ಕೈಯ ಗುರುತು ಸಿಕ್ಕಿತು. ಹೋದ ಕ್ರಿಸ್‌ಮಸ್‌ಗೆ ತಾನೇ ನಾದಿನಿಗೆ ಕೊಟ್ಟಿದ್ದ ಶಾಲು ಅದು. ಒಮ್ಮೆ ಬಿಚ್ಚಿ ನೋಡುವಷ್ಟೂ ದಯೆ ತೋರಿಸಿರಲಿಲ್ಲ ಪುಣ್ಯಾತ್ಗಿತ್ತಿ!

ಅಪ್ಪನ ಮಾತು ನೆನಪಾಯಿತು. ಪೊಟ್ಟಣವನ್ನು ಪಕ್ಕಕ್ಕಿಟ್ಟಳು. "ಆಮೇಲೆ ಬಿಚ್ತೀನಿ," ಎಂದು ತಾನು ತಂದಿದ್ದನ್ನು ನಾದಿನಿಗೆ ಕೊಟ್ಟಳು.

ನಾದಿನಿ ಪರಪರನೆ ಹರಿದು ನೋಡಿ ನಕ್ಕಳು. "ಏನತ್ತಿಗೆ, ಊರೋರಿಗೆಲ್ಲ ಡಬ್ಬಗಟ್ಟಲೆ ಕಟ್ಟಿಕೊಟ್ಟು, ನಂಗೆ ಕಾಲುಚೀಲಾನಾ? ಅಣ್ಣಾ, ನಿನ್ನ ಹೆಂಡ್ತಿ ಕೈ ಬಲು ಧಾರಾಳ!"

ಬಸ್ ಡ್ರೈವರ್ ಗಂಡ ರಜೆಯ ಗುಂಗಿನಲ್ಲಿ ಮಲಗಿದ್ದಲ್ಲಿಂದಲೇ, "ನಂಗೆ ಅದೂ ಇಲ್ಲ ಮಾರಾಯ್ತಿ," ಎಂದ.

ಬರೀ ತಮಾಷೆ. ಆದರೆ ತಿಂಗಳ ದಣಿವೆಲ್ಲ ಅವಳ ನಾಲಿಗೆಗೆ ಬಂದು ಕೂತಿತು.

"ದೊಡ್ಡದು ಕೊಟ್ಟಾಗ ಏನು ಮಾಡಿದೆ?" ಎಂದು ಪೊಟ್ಟಣ ಹರಿದು ನೀಲಿ ಶಾಲನ್ನು ಕೊಡವಿದಳು. "ಹೋದ ವರ್ಷ ನಾನು ಕೊಟ್ಟಿದ್ದನ್ನೇ ನನ್ನ ಮುಖಕ್ಕೆ ತಂದಿಟ್ಟಿದ್ದೀಯಲ್ಲ! ಎರಡು ವಾರ ಓವರ್‌ಟೈಮ್ ಮಾಡಿ ತಂದಿದ್ದೆ ಇದನ್ನ!"

ಗಂಡ ಎದ್ದು ಕೂತ. ನಾದಿನಿಯ ಮುಖದಲ್ಲಿ ರಕ್ತವಿರಲಿಲ್ಲ.

"ಇದು ನಿಮ್ಮದಾ?" ಎಂದಳು. "ನನಗೆ ಗೊತ್ತಾಗಲಿಲ್ಲ ಅತ್ತಿಗೆ. ಆಗ ಎಲ್ಲರೂ ಪಾಪ ಅಂತ ಏನೇನೋ ಕೊಟ್ಟರು. ಯಾವುದನ್ನೂ ಬಿಚ್ಚಲಿಲ್ಲ. ಬಿಚ್ಚಿದರೆ ತಿರುಗಿ ಕೊಡಬೇಕಲ್ವಾ? ಕೊಡೋಕೆ ನನ್ನ ಹತ್ರ ಏನಿತ್ತು? ಎಲ್ಲಾ ಅಟ್ಟಕ್ಕೆ ಹಾಕ್ದೆ. ಈ ಸಲ ಬರಿಗೈಲಿ ಬರೋಕೆ ನಾಚಿಕೆಯಾಗಿ ಒಂದನ್ನ ಇಳಿಸಿಕೊಂಡು ಬಂದೆ."

ಗಂಡ, "ಚಹಾ ಇಡ್ತೀನಿ," ಎಂದು ಒಳಗೆ ನುಸುಳಿದ.

ಅವಳು ಕಷ್ಟಪಟ್ಟು ಎದ್ದಳು. ಶಾಲನ್ನು ನಾದಿನಿಯ ಹೆಗಲಿಗೆ ಹೊದಿಸಿ, ಮುಂದಕ್ಕೆ ಎಳೆದು ಸರಿಮಾಡಿದಳು. ನಾದಿನಿ ತೆಗೆಯಲು ಹೋಗಿ ಕೈ ನಿಲ್ಲಿಸಿದಳು.

"ಇದಕ್ಕೆ ನಾನೇನು ಕೊಡಲಿ ಅತ್ತಿಗೆ?"

"ಏನೂ ಬೇಡ. ಹೊದ್ಕೋ, ಸಾಕು."

ನಾದಿನಿ ಶಾಲು ಹೊದ್ದೇ ಚಹಾ ಕುಡಿದು, ಹೊದ್ದೇ ಮನೆಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಅವತ್ತು ಮುರಿದಿದ್ದಳು. ಅಟ್ಟದಲ್ಲಿದ್ದ ಶಾಲು ಹೆಗಲೇರಿದ್ದೂ ಅವತ್ತೇ.