ಜಗಲಿ ಮಾತ್ರ ಮುಟ್ಟಬ್ಯಾಡ್ರಿ

೧

ಮನೆ ರಿಪೇರಿಯ ಕತೆಯನ್ನು ಎಲ್ಲಿಂದ ಶುರು ಮಾಡಬೇಕು, ನೀವೇ ಹೇಳಿ. ಹಂಚಿನಿಂದ ಶುರು ಮಾಡಿದರೆ ಧೂಳು ನೇರ ಓದುವವರ ಕಣ್ಣಿಗೇ ಬೀಳುತ್ತದೆ. ಪಾಯದಿಂದ ಮಾಡೋಣವೆಂದರೆ ಪಾಯವನ್ನು ಯಾರೂ ಮುಟ್ಟುತ್ತಿಲ್ಲ. ಮೊದಲ ಸಲ 'ಸಂತೇಬೆನ್ನೂರಿನಲ್ಲಿ ಒಂದು ಮನೆ ಇತ್ತು' ಎಂದು ಬರೆದಿದ್ದೆ. ಆ ಮನೆಯ ಸೊಸೆ ಸಂಧ್ಯಾರಾಣಿ ಇಣುಕಿ ನೋಡಿ, "ಇತ್ತು ಅಂದ್ರೆ ಬಿದ್ದೋತು ಅಂದಂಗಾಗಲ್ವೇನ್ರೀ? ಐತೆ ಅಂತ ಬರೀರಿ" ಎಂದಳು.

ಸರಿ. ಸಂತೇಬೆನ್ನೂರಿನಲ್ಲಿ ಒಂದು ಮನೆ ಇದೆ. ಸದ್ಯಕ್ಕೆ ಅರ್ಧ ಇದೆ.

೨

ಸಂಧ್ಯಾರಾಣಿಗೆ ಬೇಕಾಗಿದ್ದದ್ದು ಒಂದೇ: ಬೀದಿಗೆ ತೆರೆಯುವ ಬಾಗಿಲಿರುವ ಒಂದು ಹೊಲಿಗೆ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಅವಳ ಮಷಿನ್ ಆ ಮನೆಯೊಳಗೆ ಅಲೆಯುತ್ತಲೇ ಇದೆ. ಅಡುಗೆಮನೆ ಬಾಗಿಲ ಸಂದಿಯಲ್ಲಿ ಸ್ವಲ್ಪ ದಿನ, ಮೆಕ್ಕೆಜೋಳದ ಚೀಲಗಳ ಮಗ್ಗುಲಲ್ಲಿ ಸ್ವಲ್ಪ ದಿನ, ನೆಂಟರು ಬಂದರೆ ಹಿತ್ತಿಲಲ್ಲಿ. ರವಿಕೆ ಅಳತೆ ಕೊಡಲು ಬರುವ ಹೆಣ್ಣುಮಕ್ಕಳು ನಡುಮನೆಯಲ್ಲಿ ಟಿವಿ ನೋಡುವ ಗಂಡಸರ ಮುಂದೆ ಸೆರಗು ಎಳೆದುಕೊಂಡು ದಾಟಬೇಕು. ಎಷ್ಟೋ ಜನ ಹೊಸ್ತಿಲಲ್ಲೇ ನಿಂತು, "ಇನ್ನೊಂದ್ಸಲ ಬರ್ತೀನಿ ಬಿಡಕ್ಕ" ಎಂದು ಹೋದವರು ಬಂದದ್ದಿಲ್ಲ.

(ಮಷಿನ್ನಿಗೆ ಇಲ್ಲೊಂದು ಉಪಮೆ ಹುಡುಕಿದೆ. ಸಿಗಲಿಲ್ಲ. ಮಷಿನ್ನು ಮಷಿನ್ನೇ.)

ಹಾಗಾಗಿ ಪ್ಲಾನ್: ಮನೆಯ ಮುಂದಿನ ಕೂರುವ ಕಟ್ಟೆ ಒಡೆಯುವುದು, ಗೋಡೆ ಬಿಡಿಸಿ ಶಟರ್ ಹಾಕುವುದು. ಹೇಗೂ ಕೈ ಹಾಕಿದ ಮೇಲೆ ಒಳಗೂ ಗೋಡೆ ಸಮ ಮಾಡಿಸಿ ಟೈಲ್ಸ್ ಹಾಕಿಸುವುದು. ಕೆಲಸಕ್ಕೆ ತವರೂರು ಗೋವಿನಕೋವಿಯಿಂದ ಗಾರೆ ಮೇಸ್ತ್ರಿ ನಾಗೇಂದ್ರಪ್ಪನನ್ನು ಕರೆಸಿದಳು. ಪಕ್ಕದ ಬೀದಿಯಲ್ಲಿ ಒಂದು ಬಾಡಿಗೆ ರೂಮು ಹಿಡಿದರು. ಅಲ್ಲಿ ನಿಂತರೆ ಇಲ್ಲಿನ ಸುತ್ತಿಗೆ ಸದ್ದು, ಇಲ್ಲಿ ಬಂದರೆ ಅಲ್ಲಿ ಒಲೆ ಮೇಲಿನ ಹಾಲಿನ ಚಿಂತೆ.

ಗಂಡ ಸಿದ್ದಲಿಂಗೇಶನನ್ನೂ ಈ ಕತೆಗೆ ಕರೆದೆ. "ಚನ್ನಗಿರಿ ಮಂಡೀಲಿದೀನಿ, ನೀವು ಮುಂದುವರ್ಸಿರಿ" ಎಂದ. ಮುಂದುವರಿಸುತ್ತಿದ್ದೇನೆ.

೩

(ಹೊಡೆದು ಹಾಕಿದ್ದು. ಇಲ್ಲಿ ಮನೆಯೇ ಮಾತಾಡುವ ಒಂದು ಪ್ಯಾರಾ ಇತ್ತು. ಗೋಡೆ ನಿಟ್ಟುಸಿರು ಬಿಡುತ್ತಿತ್ತು. ಗೋಡೆ ಬಿಟ್ಟದ್ದು ಬರೀ ಗಾರೆ.)

೩, ಇನ್ನೊಮ್ಮೆ

ಧೂಳಿಗೆ ಕೆಮ್ಮು ಹತ್ತಿಕೊಂಡದ್ದರಿಂದ ಅತ್ತೆ ಶಂಕ್ರಮ್ಮ ತನ್ನ ತವರು ಜಗಳೂರಿಗೆ, ತಂಗಿ ಲಕ್ಷ್ಮಿದೇವಿಯ ಮನೆಗೆ ಹೊರಟಳು. ಹೊರಡುವಾಗ ಮೇಸ್ತ್ರಿಯನ್ನು ಕರೆದು ಹೇಳಿದಳು: "ಏನರ ಒಡ್ಕಳ್ರಪ್ಪಾ, ಜಗಲಿ ಮಾತ್ರ ಮುಟ್ಟಬ್ಯಾಡ್ರಿ."

ನಾಗೇಂದ್ರಪ್ಪ ಹಿರಿಯರ ಮಾತು ಮೀರುವವನಲ್ಲ. ಮೀರಿದ್ದರೆ ಈ ಕತೆ ಮೂರನೇ ನಂಬರಿಗೇ ಮುಗಿಯುತ್ತಿತ್ತು.

೪

ಕಟ್ಟೆ ಒಡೆಯಬೇಕಿದ್ದ ದಿನ ಮಧ್ಯಾಹ್ನ ಸಂಧ್ಯಾರಾಣಿ ಬಂದು ನೋಡುತ್ತಾಳೆ, ಮುಂದಿನ ಕಟ್ಟೆ ಒಂದು ಕಲ್ಲೂ ಅಲುಗದೆ ಕೂತಿದೆ. ಮೇಲೆ ನಾಗೇಂದ್ರಪ್ಪ ಬುತ್ತಿ ಬಿಚ್ಚಿಕೊಂಡು ಕೂತಿದ್ದಾನೆ.

"ಇದ್ಯಾಕಣ್ಣ ಹಂಗೇ ಐತೆ?"

"ನಿಮ್ಮತ್ತೆ ಹೇಳೋಗ್ಯಾರಲ್ಲ ತಂಗೀ, ಜಗಲಿ ಮುಟ್ಟಬ್ಯಾಡ ಅಂತ. ಒಳಗಿಂದು ಮುಗೀತು ನೋಡು."

ಅವಳು ಒಳಗೆ ಹೋಗಿ ನೋಡಲಿಲ್ಲ. ಬೀದಿಯಲ್ಲೇ ನಿಂತು ಜಗಳೂರಿಗೆ ಫೋನ್ ಹಚ್ಚಿದಳು. (ಒಳಗೆ ಹೋಗು ಮಾರಾಯ್ತಿ, ಮೊದಲು ಒಳಗೆ ಹೋಗು ಎಂದು ಬರೆಯುವವಳು ಎಷ್ಟು ಹೇಳಿದರೂ ಕೇಳಲಿಲ್ಲ.)

"ಅತ್ತೆ, ಜಗಲಿ ಮುಟ್ಟಬ್ಯಾಡ ಅಂದ್ರಂತೆ?"

"ಹೂಂ, ಅಂದೆ. ಯಾಕವ್ವಾ?"

"ನಂಗೊಂದು ಮಾತು ಹೇಳಾಕೆ ಏನಾಗಿತ್ತು?"

"ಇದ್ರಾಗ ಹೇಳಾದೇನೈತೆ? ಯಾರ ಮನ್ಯಾಗಾದ್ರೂ ಜಗಲಿ ಒಡೀತಾರೇನು?"

"ನಮ್ಮೂರಾಗೆ ಎಲ್ರೂ ಒಡ್ಸಿ ಕಾರು ನಿಲ್ಸಿದಾರೆ."

"ಜಗಲಿ ಒಡ್ಸಿ ಕಾರಾ? ಶಿವ ಶಿವಾ! ಎಂಥ ಊರೇ ನಿಮ್ಮದು?"

"ನನ್ನ ಅಂಗಡಿಗಿಂತ ಜಗಲಿ ಹೆಚ್ಚಾತಾ ನಿಮಗೆ?"

"ಹೆಚ್ಚಲ್ದೆ? ನಿನ್ನ ಅಂಗಡಿ ನಡೀಬೇಕಂದ್ರೂ ಜಗಲಿ ಇರ್ಬೇಕು."

"ಇರ್ಲಿ ಬಿಡ್ರಿ. ದಿನಾ ಸಂಜಿಕೆ ಜಗಲಿ ಮ್ಯಾಲೆ ಕಾಲು ಚಾಚ್ಕಂಡು, ಎಲೆ ಅಡಿಕೆ ಹಾಕ್ಕಂಡು, ಬೀದಿಗೆ ಉಗುಳ್ತಾ ಕುಂದ್ರಿ!"

ಆ ಕಡೆ ಶಂಕ್ರಮ್ಮನ ದನಿ ಏರಿತು.

"ಏನೇ ಸಂಧ್ಯಾ, ಜಗಲಿ ಮ್ಯಾಲೆ ಕಾಲು ಚಾಚಾಕೆ ನನಗೇನು ತಲಿ ಕೆಟ್ಟೈತಾ? ದೇವ್ರು ಕುಂದ್ರೋ ಜಾಗ ಅದು!"

೫

ಗೋವಿನಕೋವಿ ಕಡೆ ಜಗಲಿ ಎಂದರೆ ಮನೆಮುಂದಿನ ಕಟ್ಟೆ, ಹೋಗಿ ಬರುವವರು ಕೂರುವುದು. ಜಗಳೂರು ಕಡೆ ಜಗಲಿ ಎಂದರೆ ಒಳಗಿನ ದೇವರ ಕಟ್ಟೆ. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದ ಸೊಸೆಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಗೊತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಸಾರಿಸುತ್ತಿದ್ದವಳೇ ಅವಳು. ಆದರೆ ಸಿಟ್ಟು ಬಂದಾಗ ಹೆಂಗಸಿನ ಮಾತು ಹೇಳದೆ ಕೇಳದೆ ತವರಿಗೆ ಓಡಿಹೋಗುತ್ತದೆ.

ಫೋನ್ ಇಟ್ಟು ಒಳಗೆ ಹೋದಳು. ನಡುಮನೆಯ ಗೋಡೆ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ, ಹಸಿ ಗಾರೆಯಲ್ಲಿ ಮಿನುಗುತ್ತಿತ್ತು. ಜಗಲಿ ಇದ್ದಲ್ಲಿ ಏನೂ ಇರಲಿಲ್ಲ.

ಹಿಂದೆಯೇ ಬಂದ ನಾಗೇಂದ್ರಪ್ಪ ಅವಳ ಮುಖ ನೋಡಿ ಬೆದರಿದ. "ಮ್ಯಾಲೆ ದೇವ್ರಿಲ್ಲ, ದೀಪ ಇಲ್ಲ. ಹಾಸಿಗೆ ಪೇರ್ಸೋ ಕಟ್ಟೆ ಅಂದ್ಕಂಡೆ ತಂಗೀ. ಗೋಡೆಗೆ ಅಡ್ಡ ಬಂದಿದ್ದೆಲ್ಲ ತೆಗಿ ಅಂದಾಕಿ ನೀನೇ ಅಲ್ವಾ?"

ಅಂದವಳು ಅವಳೇ. ದೇವರುಗಳನ್ನು ಧೂಳಲ್ಲಿ ಬಿಡಬಾರದೆಂದು ಶಂಕ್ರಮ್ಮ ಚೀಲದಲ್ಲಿಟ್ಟುಕೊಂಡು ಜಗಳೂರಿಗೆ ಒಯ್ದಿದ್ದಳು.

ಫೋನ್ ಮತ್ತೆ ಹೊಡೆದುಕೊಂಡಿತು. "ಯಾಕೋ ಮನಸಿಗೆ ಸಮಾಧಾನ ಇಲ್ಲವ್ವಾ. ನಾಳಿಗೆ ಬಸ್ಸು ಹತ್ತುತೀನಿ."

೬

ಈಗ ಕೊನೆ ಬೇಕು. ನನ್ನ ಹತ್ತಿರ ಕೆಲವು ಇವೆ.

ಕೊನೆ ಅ: ಅತ್ತೆ ಬರುವುದರೊಳಗೆ ನಾಗೇಂದ್ರಪ್ಪ ಜಗಲಿಯನ್ನು ಮೊದಲಿದ್ದ ಹಾಗೇ ಕಟ್ಟಿಬಿಡುತ್ತಾನೆ, ಅವಳಿಗೆ ಗೊತ್ತೇ ಆಗುವುದಿಲ್ಲ. ನಾಗೇಂದ್ರಪ್ಪ ಒಪ್ಪಲಿಲ್ಲ. "ಕತೆ ಅಂತ ಸಿಮೆಂಟು ಬ್ಯಾಗ ಒಣಗ್ತೈತೇನ್ರೀ?"

ಕೊನೆ ಆ: ಶಂಕ್ರಮ್ಮ ನಕ್ಕು, ದೇವರು ಎಲ್ಲೆಲ್ಲೂ ಇದ್ದಾನೆ, ಅಂಗಡಿ ಹಾಕ್ಕೋ ಮಗಳೇ ಎನ್ನುತ್ತಾಳೆ. ನನಗೆ ಬಹಳ ಹಿಡಿಸಿತು. ಶಂಕ್ರಮ್ಮ ಬಸ್ಸಿನಿಂದಲೇ ಬೈದಳು: "ನಾನು ಅಷ್ಟು ಒಳ್ಳೆಯಾಕಿ ಅಂತ ಯಾರು ಹೇಳಿದ್ರು ನಿಮಗೆ? ಅಂಗಡಿ ಬ್ಯಾಡ ಅಂತ ನಾನೂ ಅಂದಿಲ್ಲ. ಆದ್ರೆ ದಿನಾ ಕೈ ಮುಗಿದ ಜಾಗ ಅದು. ಹೊಟ್ಟಿ ಉರಿಯಲ್ವಾ?"

ಕೊನೆ ಇ: ದೇವರನ್ನು ಮುಂದಿನ ಕಟ್ಟೆ ಮೇಲೆ ಕೂರಿಸುತ್ತಾರೆ. ಅಂಗಡಿ ಆಸೆ ಅಲ್ಲಿಗೆ ಬಿಡುತ್ತಾರೆ. "ಅದೊಂದು ಬರೆದ್ರೆ," ಎಂದಳು ಸಂಧ್ಯಾರಾಣಿ, "ಮಷಿನ್ ತಗಂಡು ಕತೆ ಬಿಟ್ಟು ಹೋಗ್ತೀನಿ."

ಮೂರೂ ಹರಿದೆ. ಉಳಿದದ್ದು, ಆದದ್ದನ್ನು ಬರೆಯುವುದೊಂದೇ.

೭

ಶಂಕ್ರಮ್ಮ ಬಂದಳು. ಸೊಸೆ ಬಾಗಿಲಲ್ಲೇ ತಡೆದು, "ಅತ್ತೆ, ಜಗಲಿ ಹೋತು. ಮೇಸ್ತ್ರೀದು ತಪ್ಪಲ್ಲ, ನಾನೇ ಸರಿಯಾಗಿ ಹೇಳ್ಳಿಲ್ಲ" ಎಂದಳು. ಶಂಕ್ರಮ್ಮ ಒಳಗೆ ಹೋಗಿ ಗೋಡೆ ನೋಡಿದಳು. ಅಂಗೈಯಿಂದ ಒಮ್ಮೆ ಮುಟ್ಟಿದಳು, ಗಾರೆ ಅಂಟಿತು. ಹೊರಗೆ ಬಂದು ಮುಂದಿನ ಕಟ್ಟೆಯ ಮೇಲೆ ದೇವರ ಚೀಲ ತೊಡೆ ಮೇಲಿಟ್ಟುಕೊಂಡು ಕೂತಳು.

"ಚೀಲ ಇಳ್ಸಿರಿ ಅತ್ತೆ, ಕೈ ಸೋಲ್ತಾವೆ."

"ಎಲ್ಲಿ ಇಳ್ಸಾನೆ? ಒಂದ್ಸಲ ಇಟ್ಟೆ ಅಂದ್ರೆ ಮತ್ತೆ ನಾನು ಎತ್ತಾದಿಲ್ಲ."

ಸಂಧ್ಯಾರಾಣಿ ಅತ್ತೆ ಕೂತ ಜಾಗ ನೋಡಿದಳು. ಶಟರ್ ಬರಬೇಕಾದ ಜಾಗ ಅದು; ಚೀಲ ಅಲ್ಲೇ ಇಳಿದರೆ ಅಂಗಡಿ ಅಲ್ಲಿಗೆ ಮುಗಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳೂ ಪಕ್ಕದಲ್ಲಿ ಕೂತು ಕೈ ಚಾಚಿದಳು.

"ಹಂಗಾರೆ ನಾನು ಹಿಡ್ಕಂತೀನಿ, ಕೊಡ್ರಿ."

"ಎಲ್ಲೀ ಮಟ ಹಿಡ್ಕಂತಿ?"

"ನೀವು ಹೇಳೋ ಮಟ."

ಶಂಕ್ರಮ್ಮ ಪೂರ್ತಿ ಕೊಡಲಿಲ್ಲ. ಸ್ವಲ್ಪ ಸರಿಸಿದಳು. ಚೀಲ ಅರ್ಧ ಅತ್ತೆಯ ತೊಡೆ ಮೇಲೆ, ಅರ್ಧ ಸೊಸೆಯ ತೊಡೆ ಮೇಲೆ. ಇಲ್ಲಿ ನಾನು 'ಇಳಿಸಿದಳು' ಎಂದು ಬರೆದು ನೋಡಿದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದ ರೀತಿಗೆ ಹೊಡೆದು ಹಾಕಿದೆ.

ನಾಗೇಂದ್ರಪ್ಪ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ. "ನಂಗೇನರ ಒಂದು ಹೇಳ್ರಮ್ಮಾ. ಈಗ ಮೊದ್ಲು ಒಳಗೆ ದೇವ್ರ ಕಟ್ಟೆ ಕಟ್ಲಾ, ಹೊರಗಿನ ಕಟ್ಟೆ ಒಡೀಲಾ?"

ಇಬ್ಬರೂ ಒಂದೇ ಸಲ ಬಾಯಿ ತೆರೆದರು. ಒಬ್ಬಳು ಒಳಗೆ ಅಂದಳು, ಒಬ್ಬಳು ಹೊರಗೆ ಅಂದಳು. ಯಾರು ಯಾವುದು ಅಂದರು ಎಂದು ನನ್ನನ್ನು ಕೇಳಬೇಡಿ. ಹೇಳಿದವರೇ, ನನ್ನ ಮಾತು ನಿನ್ನ ಬಾಯಿಗೆ ಹೇಗೆ ಬಂತು ಎಂಬಂತೆ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಇನ್ನೂ.