ಸದ್ದಿಲ್ಲದ ಇಳಿಜಾರು

ಬೀರಪ್ಪ ಮಣ್ಣು ಹಿಡಿದ ಕೈಯನ್ನು ಗುಂಡಿಯ ಮೇಲೆ ಚಾಚಿದ್ದನಷ್ಟೆ, ಚಿಕ್ಕತಿಮ್ಮಪ್ಪ ಆ ಕೈಗೆ ಬಾರಿಸಿದ. ಮಣ್ಣು ಪಕ್ಕದ ತಂಗಡಿ ಗಿಡದ ಮೇಲೆ ಚೆಲ್ಲಿತು.

"ನಿನ್ ಕೈ ಮಣ್ಣು ನನ್ ತಮ್ಮನ ಮೇಲೆ ಬೀಳಕೂಡ್ದು. ಕುರಿ ಅಡ್ಡ ಬಿಟ್ಟು ಕೊಂದೋನೂ ನೀನೇ, ಮಣ್ಣು ಹಾಕಾಕೂ ನೀನೇ ಬೇಕಾ?"

"ಬೀರದೇವ್ರ ಆಣೆಗೂ ಗಾಡಿ ಸದ್ದು ಬರ್ಲಿಲ್ಲ ಕಣಣ್ಣಾ. ಬಂದಿದ್ರೆ ಕುರಿ ಹೊಡ್ಕಂಡು ಹಾದಿ ಬಿಡ್ತಿರ್ಲಿಲ್ವಾ? ಎಲ್ಡು ವರ್ಷದಿಂದ ಬಿಟ್ಟಿಲ್ವಾ?"

"ಊರಿಗೆಲ್ಲ ಕೇಳೋ ಸದ್ದು ನಿಂಗೊಬ್ನಿಗೆ ಕೇಳ್ಲಿಲ್ಲ!" ಮುದುಕಿ ಓಬಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಆ ಗಾಡಿ ಕೆರೆತ ಕೇಳಿದ್ರೆ ಸಾಕು, ಗುಡ್ಡಪ್ಪ ಡಾಕ್ಟ್ರು ಸೂಜಿ ಹಿಡ್ಕಂಡು ಬಂದ್ರು ಅಂತ ನಮ್ ಕುರಿ ಎಲ್ಲಾ ಹಟ್ಟಿ ಹಿಂದಕ್ಕೆ ಓಡವು. ಕುರಿಗಿರೋ ಕಿವೀನೂ ನಿಂಗಿಲ್ವೇನೋ?"

ನಾಲ್ಕಾರು ಜನ, ನಗು ಬಂದದ್ದಕ್ಕೆ ನಾಚಿ, ಕೆಮ್ಮಿದರು.

ಗುಡ್ಡಪ್ಪ ಡಾಕ್ಟರೇನೂ ಅಲ್ಲ, ಪಶು ಆಸ್ಪತ್ರೆಯ ಕಾಂಪೌಂಡರು. ಇಪ್ಪತ್ತು ವರ್ಷ ಹಟ್ಟಿಯಿಂದ ಹಟ್ಟಿಗೆ ಅಲೆದು ಕುರಿಗಳಿಗೆ ಸೂಜಿ ಚುಚ್ಚಿದವನು. ನಿನ್ನೆ ಸಂಜೆ ರಾಮಗಿರಿಯ ಇಳಿಜಾರಿನ ತಿರುವಿನಲ್ಲಿ ಅವನ ಮೋಟಾರ್ ಸೈಕಲ್ಲು ಬೀರಪ್ಪನ ಮಂದೆಗೆ ನುಗ್ಗಿತ್ತು. ತಲೆ ಕಲ್ಲಿಗೆ ಬಡಿದು ಅಲ್ಲೇ ಹೋಗಿದ್ದ.

"ನಾನೇನ್ ಕಿವುಡನಾ? ಹಿಂಗೇ ಅಲ್ವಾ ಅದು?" ಎಂದ ಬೀರಪ್ಪ ಹಲ್ಲು ಕಚ್ಚಿ, ಗಂಟಲಿನಿಂದ ಆ ಸದ್ದನ್ನೇ ಹೊರಡಿಸಿದ. ಕರ್ರ್... ಕರ್ರ್... ಕಟ್. ಕಬ್ಬಿಣಕ್ಕೆ ಕಬ್ಬಿಣ ಕೆರೆದಂತೆ. ಅದೆಷ್ಟು ತದ್ವತ್ತಾಗಿತ್ತೆಂದರೆ, ಅಲ್ಲಿದ್ದವರೆಲ್ಲ ಹೆಣಕ್ಕೆ ಬೆನ್ನು ಮಾಡಿ, ಗುಡ್ಡಪ್ಪ ಬಂದನೇನೋ ಎಂದು ರಸ್ತೆಯ ಕಡೆ ತಿರುಗಿದರು.

ಕೊನೆಯಲ್ಲಿ ನಿಂತಿದ್ದ ಮಾರಣ್ಣ ಒಬ್ಬನೇ ತಿರುಗಲಿಲ್ಲ. ಹೊಳಲ್ಕೆರೆಯ ಮೆಕ್ಯಾನಿಕ್ಕು ಅವನು, ಸತ್ತವನ ಗೆಳೆಯ. ಆ ಸದ್ದು ಇನ್ನು ಯಾವ ರಸ್ತೆಯಲ್ಲೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

*

"ಕ್ಲಚ್ ಹಿಡಿದಾಗೆಲ್ಲ ಕೆರ್ಕಂತೈತಲ್ಲೋ, ಇದೇನು ಗಾಡೀನೋ ಕಜ್ಜಿನಾಯೀನೋ?" ಹದಿನೈದು ದಿನದ ಹಿಂದೆ ಶೆಡ್ಡಿನಲ್ಲಿ ಗುಡ್ಡಪ್ಪನನ್ನು ಮಾರಣ್ಣನೇ ಕೇಳಿದ್ದ.

"ಕಜ್ಜಿಗೆ ಸೂಜಿ ನನ್ ಹತ್ರಾನೇ ಐತೆ. ನೀನು ಬ್ರೇಕ್ ನೋಡಪ್ಪ ಸಾಕು."

ಇಂಜಿನ್ನಿನ ಬುಡದ ಕ್ಲಚ್ ಲಿವರು, ತಂತಿ ಎಳೆದಾಗಲೆಲ್ಲ, ತನ್ನ ಮೊಣಕೈಯಂಥ ಬಾಗನ್ನು ಫ್ರೇಮಿಗೆ ಉಜ್ಜುತ್ತಿತ್ತು. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು.

"ಫ್ರೇಮೇ ಕೊರ್ದು ಹೋಗ್ತೈತೆ ಕಣೋ. ಒಂದು ವಾಷರು, ಒಂದೀಟು ಅರ ಆಡ್ಸೋದು. ಅಷ್ಟೇ ಕೆಲ್ಸ."

"ಬ್ಯಾಡ ಅಂದೆ. ಪೆಟ್ರೋಲು ತುಟ್ಟಿ ಆದಾಗಿಂದ ಇಳಿಜಾರಲ್ಲಿ ಇಂಜಿನ್ ಆರ್ಸಿ, ಕ್ಲಚ್ ಹಿಡ್ಕಂಡೇ ಬಿಡ್ತೀನಿ. ಹಾದಿ ಕುಲುಕಿದಂಗೆಲ್ಲ ಇದು ಕೆರೆಯೋದು ಕೇಳಿ ಕುರಿಯೋರು ಹಾದಿ ಬಿಡ್ತಾರೆ. ಹಾರ್ನ್ ಒತ್ತಿ ಯಾವ ಕಾಲ ಆತೋ!"

ಹಾಗೆಂದು ಟೀ ಕುಡಿಯಲು ಎದುರಿನ ಹೋಟೆಲ್ಲಿಗೆ ಹೋದ. ಮಾರಣ್ಣ ಕಬ್ಬಿಣ ಉಜ್ಜುವ ಅರ ಕೈಗೆತ್ತಿಕೊಂಡ. ತನ್ನ ಶೆಡ್ಡಿನಿಂದ ಹೋದ ಗಾಡಿ ಊರೂರಲ್ಲಿ ಕೆರೆದುಕೊಂಡು ತಿರುಗುವುದು ಅವನಿಗೆ ಸೇರದ ಮಾತು. ಲಿವರು ಬಿಚ್ಚಿ, ಆ ಬಾಗನ್ನು ಅಕ್ಕಿಕಾಳಿನಷ್ಟು ಉಜ್ಜಿ, ಬುಡಕ್ಕೆ ತೆಳು ವಾಷರು ಕೊಟ್ಟು ಕೂರಿಸಿದ. ಬೀಡಿಕಟ್ಟಿನ ಕಾಗದವನ್ನು ಸಂದಿಯಲ್ಲಿ ತೂರಿಸಿ ನೋಡಿದ. ಎಲ್ಲೂ ತಾಗದೆ ಹಾದುಹೋಯಿತು.

ಗುಡ್ಡಪ್ಪ ಬಂದು ಕ್ಲಚ್ ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಲೇ, ಸತ್ತೋಗೈತಲ್ಲೋ ಇದು!"

"ನಾಲ್ಕು ದಿನಕ್ಕೆ ರೂಢಿ ಆಗ್ತೈತೆ, ಹೋಗು," ಎಂದು ನಕ್ಕಿದ್ದ ಮಾರಣ್ಣ.

*

ಚಿಕ್ಕತಿಮ್ಮಪ್ಪ ಬೀರಪ್ಪನ ಭುಜ ಹಿಡಿದು ಹೊರಕ್ಕೆ ತಳ್ಳುತ್ತಿದ್ದ. ಮಣ್ಣು ಹಾಕಗೊಡದೆ ಕಳಿಸಿದ ಮೇಲೆ ಸುತ್ತಲ ಯಾವ ಊರವರೂ ಅವನ ಮಂದೆಯನ್ನು ತಮ್ಮ ಹೊಲದಲ್ಲಿ ಗೊಬ್ಬರಕ್ಕೆ ನಿಲ್ಲಿಸಿಕೊಳ್ಳುವುದಿಲ್ಲ. ಬೀರಪ್ಪನ ಬಾಳು ಅಲ್ಲಿಗೆ ಮುಗಿದಂತೆ. ಮಾರಣ್ಣ ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು.

"ಬಿಡ್ರಿ ಅವನ್ನ," ಎಂದ. "ಸದ್ದು ಬಂದಿರಾಕೆ ಸಾಧ್ಯನೇ ಇಲ್ಲ. ನಾನೇ ತೆಗ್ದಿದ್ದೆ."

"ಏನ್ ತೆಗ್ದೆ?" ಎಂದ ಚಿಕ್ಕತಿಮ್ಮಪ್ಪ.

"ಕೆರೆಯೋದು. ಬ್ಯಾಡ ಅಂದಿದ್ದ. ಟೀ ಕುಡ್ಯಾಕೆ ಹೋದಾಗ ತೆಗ್ದೆ."

ಗುಂಡಿಯ ಅಂಚಿನಲ್ಲಿ ಕೂತಿದ್ದ ಗುಡ್ಡಪ್ಪನ ಹೆಂಡತಿ ಗಿರಿಯಮ್ಮ ತಲೆಯೆತ್ತದೆ ಹೇಳಿದಳು:

"ದಿಟ. ಹದಿನೈದು ದಿನದಿಂದ ನಂಗೂ ಕೇಳಿಲ್ಲ. ಹಟ್ಟಿ ಇಳಿಜಾರಲ್ಲೂ ಇಂಜಿನ್ ಆರ್ಸೇ ಬರೋರು, ಒಲೆ ಮುಂದೆ ಕುಂತಿದ್ರೆ ಬೆನ್ನಿಂದೆ ಬಂದು ನಿಂತಿರೋರು. ದಿನಾ ಬೆಚ್ಚಿ ಬೀಳ್ತಿದ್ದೆ. ಈಗ್ಲೂ ಹಂಗೇ ನಿಂತವ್ರೇನೋ ಅನ್ಸ್ತೈತೆ." ಆಮೇಲೆ, "ಬೀರಪ್ಪ, ನೀನು ಹಾಕಪ್ಪ," ಎಂದಳು.

ಬೀರಪ್ಪ ಮೂರು ಹಿಡಿ ಹಾಕಿದ. ಮಾರಣ್ಣನಿಗೆ ಅವಳು ಹಾಕು ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ. ಅವನು ಕೈಕಟ್ಟಿಕೊಂಡೇ ನಿಂತ.

ಗುಂಡಿ ಮುಚ್ಚಿ ಜನ ಕಾಲು ತೊಳೆಯಲು ಕೆರೆಯ ಕಡೆ ಹೊರಟರು. ಮಣ್ಣು ಮಾಡಿ ಬರುವಾಗ ಹಿಂದಿರುಗಿ ನೋಡಬಾರದು. ಬೀರಪ್ಪ ಮಾತ್ರ ಹತ್ತು ಹೆಜ್ಜೆಗೊಮ್ಮೆ ಕತ್ತು ತಿರುಗಿಸಿ ನೋಡುತ್ತಿದ್ದ. ಬೆನ್ನ ಮೇಲೆ ಏನೋ ಎರಗುತ್ತದೆಂಬಂತೆ ಭುಜ ಸೆಟೆದಿತ್ತು. ಅವನ ಹಿಂದೆ ಇದ್ದವನು ಮಾರಣ್ಣನೊಬ್ಬನೇ, ಬರಿಗಾಲಲ್ಲಿ, ಮೆತ್ತನೆಯ ಧೂಳಿನಲ್ಲಿ.

ಮಾರಣ್ಣ ಧೂಳಿನ ಹಾದಿ ಬಿಟ್ಟು ಪಕ್ಕದ ಗರಸುಕಲ್ಲಿನ ಮೇಲೆ ಹತ್ತಿದ. ಹರಳು ಅಂಗಾಲಿಗೆ ಚುಚ್ಚುತ್ತಿದ್ದರೂ ಹಿಮ್ಮಡಿ ಊರಿ, ಕಾಲೆಳೆದು, ಗರಗರ ಸದ್ದು ಮಾಡುತ್ತ ನಡೆದ. ಆಮೇಲೆ ಕೆರೆಯ ತನಕ ಬೀರಪ್ಪ ತಿರುಗಲಿಲ್ಲ.