ಐವತ್ತು ಅಡಿ ಎಂದು ಬರೆದ ರಿಜಿಸ್ಟರು

ಬೆಳಿಗ್ಗೆ ಏಳಕ್ಕೆ ನಮ್ಮ ಯಜಮಾನರು ಹಗ್ಗದ ಒಂದು ತುದಿಯನ್ನು ಅಲೆ ಮುಟ್ಟುವಲ್ಲಿ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದರು. ಒಲೆಯ ಪಕ್ಕ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದರು.

"ಏನ್ರೀ ಇದು?"

"ಈ ವರ್ಷ ಕಲ್ಲು ಇಲ್ಲಿಗೆ ಬರುತ್ತೆ ಕಣೇ."

ನದಿ ಸಮುದ್ರ ಸೇರುವಲ್ಲಿ ದಡ ಅಳೆಯುವುದು ಅವರ ಕೆಲಸ. ಅಳತೆಕಲ್ಲಿನಿಂದ ನೀರಿಗೆ ಎಷ್ಟು ಅಡಿ ಎಂದು ವರ್ಷಕ್ಕೊಮ್ಮೆ ಅಣೆಕಟ್ಟಿನ ಕಚೇರಿಯ ರಿಜಿಸ್ಟರಿನಲ್ಲಿ ಬರೆಯಬೇಕು. ಇವರಿಗೆ ಕೆಲಸ ವಹಿಸಿಕೊಟ್ಟು ನಿವೃತ್ತನಾದ ಮುದುಕ, ಕಲ್ಲು ನೀರಿನಿಂದ ಐವತ್ತು ಅಡಿಯಲ್ಲಿರಬೇಕು ಎಂದಿದ್ದನಂತೆ. ಅದು ಮೊದಲ ಸಲ ನೆಡುವುದಕ್ಕೆ ಮಾತ್ರ ಹೇಳಿದ ಮಾತು; ಆಮೇಲೆ ಕಲ್ಲು ಕದಲಬಾರದು. ಇವರೋ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜೀವ. ಸಮುದ್ರ ಒಳಗೆ ಬಂದಷ್ಟೂ ಕಲ್ಲನ್ನು ಕಿತ್ತು ಹಿಂದೆ ನೆಟ್ಟು, ಐವತ್ತು ಎಂದು ಬರೆದು ಸಹಿ ಹಾಕಿದ್ದಾರೆ. ಹೀಗೆ ಹನ್ನೊಂದು ವರ್ಷ.

ಇದು ನನಗೆ ಗೊತ್ತಾದದ್ದೇ ಅವತ್ತು. ಸಮುದ್ರ ಹತ್ತಿರ ಬಂದಿದೆ ಎಂದು ಬೀದಿಯ ಮಗುವಿಗೂ ಗೊತ್ತು. ಆ ರಿಜಿಸ್ಟರಿಗೆ ಮಾತ್ರ ಗೊತ್ತಿಲ್ಲ.

"ಅಲ್ಲಾ ರೀ, ಪುಸ್ತಕದ ಪ್ರಕಾರ ದಡ ಒಂದು ಅಡಿನೂ ಕರಗಿಲ್ಲ ಅಂತ ಆಯ್ತಲ್ಲ? ಇವತ್ತು ಹನ್ನೊಂದು ಗಂಟೆಗೆ ಅದೇ ಪುಸ್ತಕ ನೋಡಿ ನಮ್ಮ ಅರ್ಜಿ ತೀರ್ಮಾನ ಮಾಡ್ತಾರೆ."

ಅವರು ಅಲ್ಲೇ ತಲೆಮೇಲೆ ಕೈಹೊತ್ತು ಕೂತರು. ಪಾಪ ಅನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮೇಲೆ ಅಣೆಕಟ್ಟು ಕಟ್ಟಿದ ಮೇಲೆ ನದಿ ತರುತ್ತಿದ್ದ ಮಣ್ಣು, ಮರಳೆಲ್ಲ ಅದರ ಹಿಂದೆಯೇ ಕೂತಿದೆ. ನಮಗೆ ಬರುವುದು ಬರೀ ತಿಳಿನೀರು. ಸಮುದ್ರ ತಿಂದ ನೆಲವನ್ನು ತುಂಬಿಕೊಡುವವರಿಲ್ಲ. ಪ್ರವಾಹದ ತಿಂಗಳಲ್ಲಿ ತಳದ ಗೇಟು ತೆಗೆದು ಮಣ್ಣು ಬಿಡಿ ಎಂದು ಬೀದಿಯ ನಲವತ್ತು ಮನೆಯವರು ಅರ್ಜಿ ಕೊಟ್ಟಿದ್ದೆವು.

"ಹೇಳಿದ್ರೆ ಕೆಲಸ ಹೋಗುತ್ತೆ," ಅಂದರು ಇವರು.

"ಹೇಳದಿದ್ರೆ ಮನೆ ಹೋಗುತ್ತೆ. ಏಳಿ ಮೇಲೆ."

ಕಚೇರಿಯಲ್ಲಿ ಉದ್ದನೆಯ ಮೇಜು, ತಿರುಗಿದರೂ ಗಾಳಿ ಬಾರದ ಫ್ಯಾನು. ಇಂಜಿನಿಯರು ರಿಜಿಸ್ಟರಿನ ಪುಟಗಳನ್ನು ಒಂದೊಂದೇ ತಿರುವಿದರು. ಐವತ್ತು, ಐವತ್ತು, ಐವತ್ತು. "ದಡ ಭದ್ರವಾಗಿದೆಯಲ್ಲ," ಎಂದು ಪೆನ್ನಿನ ಮುಚ್ಚಳ ತೆಗೆದರು.

ನಾನು ನಮ್ಮವರ ಮೊಣಕೈ ಹಿಂಡಿದೆ. ಪೆನ್ನು ಕಾಗದ ಮುಟ್ಟಿತು.

"ಸರ್, ಸ್ವಲ್ಪ ತಡೀರಿ," ಎಂದು ಇವರು ಎದ್ದರು. "ಕಲ್ಲು ನಾನೇ ಹಿಂದಕ್ಕೆ ತಂದಿದ್ದು. ಹನ್ನೊಂದು ಸಲ. ಸಲಕ್ಕೆ ಮೂವತ್ತು ಅಡಿ."

ಇಂಜಿನಿಯರು ಪೆನ್ನು ಕೆಳಗಿಟ್ಟರು.

"ಹನ್ನೊಂದು ವರ್ಷ ಸುಳ್ಳು ಬರೆದ್ರಾ?"

"ಇಲ್ಲ ಸರ್. ಅಳತೆ ಸರಿಯಾಗೇ ಇದೆ. ಕಲ್ಲು ಸರಿಸಿದ್ದನ್ನ ಬರೀಬೇಕು ಅಂತ ಗೊತ್ತಾಗಲಿಲ್ಲ."

ಇಂಜಿನಿಯರು ಕೆಟ್ಟವರೇನಲ್ಲ. ಆದರೂ ರಿಜಿಸ್ಟರು ಮುಚ್ಚಿ ಪಕ್ಕಕ್ಕೆ ತಳ್ಳಿದರು. "ಇದು ಇನ್ನು ದಾಖಲೆ ಅಲ್ಲ. ಹೊಸದಾಗಿ ಹತ್ತು ವರ್ಷದ ಅಳತೆ ಬೇಕು. ಅದಿಲ್ಲದೆ ಗೇಟು ತೆಗೆಯೋಕೆ ನನಗೆ ಅಧಿಕಾರ ಇಲ್ಲ."

ಹೇಳಿ ಎಂದು ಎಬ್ಬಿಸಿಕೊಂಡು ಬಂದವಳು ನಾನು. ಇವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಸುಮ್ಮನಿರಲೂ ಆಗಲಿಲ್ಲ.

"ಹತ್ತು ವರ್ಷ ಅಳೆಯೋಕೆ ನೆಲ ಬೇಕಲ್ಲ ಸರ್. ನೀರಿಂದ ನಮ್ಮ ಬೀದಿಯ ಕೊನೆ ಮನೆವರೆಗೆ ಇರೋದು ನೂರೈವತ್ತು ಅಡಿ. ಅದರಾಚೆ ನದಿ. ನೀವೇ ಲೆಕ್ಕ ಹಾಕಿ."

ಅವರು ಕಾಗದ ಎಳೆದುಕೊಂಡು ನೂರೈವತ್ತನ್ನು ಮೂವತ್ತರಿಂದ ಭಾಗಿಸಿದರು. ಐದು ಬಂತು. ಅದನ್ನು ಹೊಡೆದುಹಾಕಿ, ಕೆಳಗೆ ಇನ್ನೊಮ್ಮೆ ನಿಧಾನವಾಗಿ ಮಾಡಿದರು. ಮತ್ತೆ ಐದೇ ಬಂತು.